ನಿನ್ನ ಪಟದೆದುರು ನಿಂತೆ

ಅಪ್ಪಾ,

ನೀನು ಓದುವುದಿಲ್ಲವೆಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ಇವತ್ತು ನಿನ್ನ ವರ್ಷದ ತಿಥಿ. ನನ್ನ ಬೆನ್ನುಹುರಿಗೆ ಪೆಟ್ಟು ಬಿದ್ದು ಕಾಲಿನ ಸ್ವಾಧೀನ ಹೋದ ಮೇಲೆ, ಹಿರಿಯರ ಪೂಜೆಗೆ ನೆಂಟರು ಬಂದಾಗಲೆಲ್ಲ ನನ್ನನ್ನು ಹಿಂದಿನ ಕೋಣೆಯಲ್ಲಿ ಬಚ್ಚಿಡುತ್ತಿದ್ದೆಯಲ್ಲ, ಇವತ್ತು ನಾನು ನಡುಮನೆಯಲ್ಲೇ ಇದ್ದೆ.

ಸಿಯೋಲ್‌ನಲ್ಲಿರುವ ಡಾಕ್ಟರ್ ಪ್ಯೋ ಫೋನಿನಲ್ಲಿ ನನ್ನನ್ನೇ ನೋಡುತ್ತ, ನನ್ನ ಬೆನ್ನೊಳಗೆ ಕೂರಿಸಿದ ಯಂತ್ರಕ್ಕೆ ಅಲ್ಲಿಂದಲೇ ಸಂಕೇತ ಕಳಿಸಿದರು. "ಏಳಿ ಸೊಲ್ಮಿ, ನಾನಿಲ್ಲೇ ಇದೀನಲ್ಲ!" ಗಾಲಿಕುರ್ಚಿಯಿಂದ ಎದ್ದು ನಿನ್ನ ಪಟದೆದುರು ನಿಂತೆ.

ದೊಡ್ಡಪ್ಪ ಕಣ್ಣೊರೆಸಿಕೊಂಡು, "ಇನ್ನಾದ್ರೂ ಅಪ್ಪನಿಗೆ ಬಗ್ಗಿ ನಮಸ್ಕಾರ ಮಾಡೇ, ಹಟಮಾರಿ," ಎಂದರು.

"ಬಗ್ಗೋಕಲ್ಲ ದೊಡ್ಡಪ್ಪ, ನಾನು ಎದ್ದಿದ್ದು."

ಬಗ್ಗಲಿಲ್ಲ. ಎಡೆಗಿಟ್ಟ ನಿನ್ನ ಬಟ್ಟಲಿಗೆ ಅಕ್ಕಿಮದ್ಯ ಮಾತ್ರ ನಾನೇ ಸುರಿದೆ, ನಿನಗಿಷ್ಟವಾದಂತೆ ಅಂಚಿನವರೆಗೆ. ಸ್ವಲ್ಪ ಚೆಲ್ಲಿತು. ನಡುಗಿದ್ದು ಕಾಲಲ್ಲ ಅಪ್ಪಾ, ಕೈ.