ಇಸಿಜಿ ನಾರ್ಮಲ್

6 ಜನವರಿ, ಸೋಮವಾರ. ಮಧ್ಯಾಹ್ನ

ಮುಂಜಾನೆ ಸಂಡೂರಿನಿಂದ ಫಸ್ಟ್ ಶಿಫ್ಟಿನವರನ್ನ ಕಾರ್ಖಾನಿ ಬಸ್ಸಿಗೆ ಹತ್ತಿಸ್ಕೊಂಡು ಹೊಂಟಿದ್ದೆ. ತೋರಣಗಲ್ಲು ಹತ್ರ ರೈಲ್ವೆ ಗೇಟ್ ಹಾಕಿತ್ತು. ಮುಂದ ಅದಿರು ಲಾರಿ, ಹಿಂದನೂ ಲಾರಿ. ಸ್ಟೀರಿಂಗ್ ಹಿಡ್ಕೊಂಡು ಸುಮ್ನ ಕುಂತಿದ್ದೆ — ಒಮ್ಮಿಗೇ ಎದಿ ಡಬಡಬ. ಉಸಿರು ಒಳಗ ಹೋಗವಲ್ದು. ಬೆರಳು ಜೋಮು. ಚಳಿಯಾಗೂ ಬೆವರು. ಮುಗೀತು ಅಂದ್ಕೊಂಡೆ. ಬಸ್ಸಿನ ತುಂಬ ಜನ, ಎಲ್ರೂ ಮೊಬೈಲ್ ನೋಡ್ಕೊಂತ... ಗೇಟ್ ತೆಗಿಯೋದ್ರಾಗ ತಾನ ಇಳೀತು. ಯಾರಿಗೂ ಗೊತ್ತಾಗಲಿಲ್ಲ.

7 ಜನವರಿ

ಹೊಸಪೇಟೆಗೆ ಹೋಗಿ ತೋರಿಸಿದೆ. ಇಸಿಜಿ ನಾರ್ಮಲ್. ಎಕೋನೂ ನಾರ್ಮಲ್. ಗ್ಯಾಸ್ ಇರಬೇಕು ಅಂದು ಗುಳಿಗಿ ಕೊಟ್ರು. ಖುಷಿ ಆಗಬೇಕಿತ್ತು. ಆಗಲಿಲ್ಲ. ಎದಿ ಅಲ್ಲ ಅಂದ್ರ ಮತ್ತೇನು?

22 ಜನವರಿ

ಮತ್ತ ಬಂತು. ಒಮ್ಮೆ ಕ್ಷೌರದಂಗಡ್ಯಾಗ — ಕುತ್ತಿಗಿಗೆ ಬಟ್ಟಿ ಕಟ್ಟಿದ್ದ, ಅರ್ಧಕ್ಕ ಎದ್ದು ಬಂದೆ. ಒಮ್ಮೆ ರೂಮಿನ್ಯಾಗ, ಮಂಡಕ್ಕಿ ತಿನ್ನುವಾಗ. ಕಾರಣ ಇಲ್ಲ, ಏನಿಲ್ಲ. ಈಗ ಬರೋದಕ್ಕಿಂತ, ಬಂದೀತು ಅನ್ನೋದ ಹೆಚ್ಚಾಗೈತಿ. ಗೇಟ್ ತಪ್ಪಿಸಿ ಸುತ್ತು ಹಾಕ್ತೀನಿ. ಸೂಪರ್‌ವೈಸರ್ ಮನೋಹರ್ ಯಾಕಂತ ಕೇಳಿದ. ರೋಡ್ ಕೆಲಸ ನಡದೈತಿ ಅಂದೆ.

23 ಫೆಬ್ರವರಿ, ಭಾನುವಾರ

ಕಂಪ್ಲಿಯಾಗ ಹೆಂಡತಿ ತಮ್ಮನ ಮದುವಿ. ಹೋಗಲಿಲ್ಲ. ಡ್ಯೂಟಿ ಐತಿ ಅಂದೆ — ರಜಾ ಇತ್ತು. ಅಷ್ಟು ಜನದ ನಡುವ ಬಂದ್ರ? ಗಂಗೋತ್ರಿ ಫೋನ್ ಮಾಡಿದ್ಲು, ಹಿಂದ ಬ್ಯಾಂಡಿನ ಸದ್ದು. ಮಗಳು ಸ್ನೇಹಾ ಕಸ್ಕೊಂಡು, ಊಟ ಮಾಡಿಯೇನಪ್ಪ ಅಂದ್ಲು. ಮಾಡೀನಿ ಅಂದೆ. ತಿಂದದ್ದು ಬಿಸ್ಕೀಟು.

ಹೆಂಡತಿ, ಮಗಳನ್ನ ಕಂಪ್ಲಿಯಾಗ ಬಿಟ್ಟು ಕುರೆಕುಪ್ಪದ ಈ ರೂಮಿಗೆ ಬಂದು ವರ್ಷಗಳಾದ್ವು. ಬಾಜು ರೂಮಿನವನ ಹೆಸರು ಗೊತ್ತಿಲ್ಲ.

11 ಮಾರ್ಚ್

ಇವತ್ತು ಬಸ್ ಓಡುವಾಗ್ಲೇ ಬಂತು. ಬ್ರೇಕ್ ಮ್ಯಾಲೆ ಕಾಲು ನಡುಗ್ತು. ಮುಂದಿದ್ದ ಬೈಕಿನವ ಸ್ವಲ್ಪದರಾಗ ಉಳ್ದ. ಹಿಂದ ಅವನ ಹೆಂಡತಿ, ಕೂಸು. ಬದಿಗೆ ಹಾಕಿದೆ. ಬಸ್ಸಿನ್ಯಾಗಿದ್ದ ಫಿಟ್ಟರ್ ಮೂಕಣ್ಣ ಆಟೋದಾಗ ಸಂಡೂರು ಸರಕಾರಿ ಆಸ್ಪತ್ರಿಗೆ ಕರ್ಕೊಂಡು ಹೋದ.

ಡಾಕ್ಟರಮ್ಮ ಸಣ್ಣ ವಯಸ್ಸಿನಾಕಿ. ಮೊಬೈಲಿನ್ಯಾಗಿದ್ದ ಹಳೇ ರಿಪೋರ್ಟ್ ನೋಡಿದ್ಲು. ಹೆಂಗ ಏರ್ತದ, ಹೆಂಗ ಇಳೀತದ ಕೇಳಿದ್ಲು. ಆಮ್ಯಾಲೆ, "ಇದಕ್ಕ ಅಂಜಿ ಏನೇನು ಬಿಟ್ಟೀರಿ, ಜಂಬುನಾಥ?"

ಯಾರೂ ಕೇಳಿದ್ದಿಲ್ಲ. ಹೇಳ್ತಾ ಹೋದೆ — ಗೇಟು, ಕ್ಷೌರ, ಸಂತಿ, ಮದುವಿ...

"ಇದಕ್ಕ ಪ್ಯಾನಿಕ್ ಅಟ್ಯಾಕ್ ಅಂತಾರ. ಎದಿ ರೋಗ ಅಲ್ಲ, ಹುಚ್ಚೂ ಅಲ್ಲ. ವಾಸಿ ಆಗ್ತದ. ಹತೋಟಿಗೆ ಬರೋತನಕ ಸ್ಟೀರಿಂಗ್ ಬ್ಯಾಡ."

ಗುಳಿಗಿ ಬರ್ದಳು. ಬಳ್ಳಾರಿಗೆ ಕೌನ್ಸೆಲಿಂಗಿಗೆ ಹೋಗ್ರಿ ಅಂದ್ಲು. ಮನ್ಯಾಗ ಯಾರಿಗೆ ಗೊತ್ತೈತಿ ಅಂತ ಕೇಳಿದ್ಲು. ಯಾರಿಗೂ ಇಲ್ಲ ಅಂದೆ.

12 ಮಾರ್ಚ್

ಮನೋಹರ್‌ಗೆ ಇದ್ದದ್ದು ಹೇಳಿದೆ. ಬೈಕಿನ ಮಾತೂ. ಬೈಲಿಲ್ಲ. ಚಾವಿ ಇಸ್ಕೊಂಡ. ಯಾರ್ಡಿನ್ಯಾಗ ಟೈರ್ ನೋಡ್ಕೊಂಡಿರು ಅಂದ. ಮಧ್ಯಾಹ್ನ ಡ್ರೈವರ್‌ಗಳು ಗುಂಪಾಗಿ ಉಣ್ಣಾಕತ್ತಿದ್ರು. ಮೆಂಟಲ್ ಅಂತ ಯಾರೋ ಅಂದಂಗಾತು. ನಾನ ಅಂದ್ಕೊಂಡ್ನೇನೋ. ಬ್ಯಾರೆ ಕುಂತು ಉಂಡೆ.

16 ಮಾರ್ಚ್, ಭಾನುವಾರ. ಕಂಪ್ಲಿ ಬಸ್‌ಸ್ಟ್ಯಾಂಡ್

ಫೋನಿನ್ಯಾಗ ಹೇಳಾಕ ಬಾಯಿ ಬರಲಿಲ್ಲ. ಬಂದೇ ಬಿಟ್ಟೆ. ಕಮಲಾಪುರ ದಾಟಿದ ಮ್ಯಾಲೆ ಬಸ್ಸಿನ್ಯಾಗ ಶುರುವಾತು. ನಿಂತವರ ಕಾಲಾಗ ಸಿಕ್ಕೊಂಡಿದ್ದೆ. ಇಳೀಬೇಕು ಅನ್ನಿಸ್ತು. ಇಳೀಲಿಲ್ಲ. ಬಾಜು ಕುಂತ ಅಜ್ಜಿ, ಯಾಕಪ್ಪ ಮುಖ ಹಿಂಗಾಗೈತಿ ಅಂದ್ಲು.

"ಅಂಜಿಕಿ ಬಂದೈತಬೇ. ಹೋಗ್ತದ."

ಗುರುತಿಲ್ಲದಾಕಿಗೆ ಹೇಳಿದೆ. ಆಕಿ ಎದ್ದು ಕಿಟಕಿ ಕಡೆ ಜಾಗ ಬಿಟ್ಟುಕೊಟ್ಲು. ಗಾಳಿ ಬಂತು. ಗದ್ದಿ ನೋಡ್ಕೊಂತ ಕುಂತೆ. ಇಳೀತು.

ಗಂಗೋತ್ರಿ ಕರ್ಯಾಕ ಬರ್ತೀನಿ ಅಂದಾಳ. ಮದುವಿಗೆ ಬರದ ಸಿಟ್ಟು ಇನ್ನೂ ಐತಿ. ಗ್ಯಾಸ್ ಅಂದ್ರ ನಂಬ್ತಾಳ. ಬಿಪಿ ಅಂದ್ರೂ ನಂಬ್ತಾಳ.

ಅಗೋ ಬಂದ್ಲು. ನೋಡಿಲ್ಲ ಇನ್ನೂ. ಸ್ನೇಹಾನ ಕೈ ಹಿಡ್ಕೊಂಡಾಳ. ಮದುವಿ ದಿನ ಡ್ಯೂಟಿ ಇದ್ದಿಲ್ಲ ಅನ್ನೋದ ಮೊದ್ಲು ಹೇಳಬೇಕು, ಆಮ್ಯಾಲೆ ಈ ಅಂಜಿಕಿ ಮಾತು —