ನಿನ್ನ ಆಣೆ ಮುರಿಸಿದ ಬೇವಿನ ಮರ

ಮೋರಖಂಡಿ
ಬುಧವಾರ, 14 ಮೇ 2025

ಅಪ್ಪಾ, ನಿನ್ನ ರತ್ನಮಾಲಾಳ ಜೈಭೀಮ.

ಹೇಗಿದ್ದೀ? ಸೊಂಟದ ನೋವು ಇಳಿಯಿತಾ? ಕಟ್ಟಿಕೊಳ್ಳುವ ಕಾಲಿನ ಪಟ್ಟಿ ಉಜ್ಜಿ ಉಜ್ಜಿ ತೊಡೆ ಕೆಂಪಗಾಗಿದೆ ಎಂದು ಅಣ್ಣನ ಫೋನಿನಲ್ಲಿ ವೈನಿ ಹೇಳಿದಳು. ಈ ಬಿಸಿಲಿನಲ್ಲಿ ಅದನ್ನು ದಿನವಿಡೀ ಕಟ್ಟಿಕೊಂಡು ಕೂಡಬೇಡ ಎಂದು ಎಷ್ಟು ಸಲ ಹೇಳಿದರೂ ನೀನು ಕೇಳುವವನಲ್ಲ. ಇವಳಿಗೆ ಇಷ್ಟು ಹಠ ಎಲ್ಲಿಂದ ಬಂತು ಎಂದು ಇಲ್ಲಿ ಯಾರಾದರೂ ಕೇಳಿದರೆ, ಹುಮನಾಬಾದಿಗೆ ಹೋಗಿ ನೋಡಿ ಬನ್ನಿ ಎನ್ನುತ್ತೇನೆ. ಫೋನಿನಲ್ಲಿ ಮಾತಾಡೋಣವೆಂದರೆ ನಿನಗೆ ಕೇಳಿಸುವುದಿಲ್ಲ. ಕಟ್ಟಿಗೆ ಅಡ್ಡಾದ ಮಷೀನು ಮೂವತ್ತು ವರ್ಷ ಕೂಗಿ ಕೂಗಿ ನಿನ್ನ ಕಿವಿ ತಿಂದುಹಾಕಿತು. ಅಣ್ಣನ ಕೈಯಲ್ಲಿ ಹೇಳಿ ಕಳಿಸಿದರೆ ಅವನು ತನಗೆ ಬೇಕಾದಷ್ಟು ಹೇಳಿ ಉಳಿದದ್ದನ್ನು ನುಂಗಿಬಿಡುತ್ತಾನೆ. ಅದಕ್ಕೇ ಈ ಕಾಗದ. ಅರ್ಧ ಓದುವಷ್ಟರಲ್ಲಿ ನಿನಗೆ ಸಿಟ್ಟು ಬರುತ್ತದೆ. ಬರಲಿ. ಪೂರ್ತಿ ಓದು, ಆಮೇಲೆ ಬೈ.

ಸುತ್ತಿ ಬಳಸಿ ಹೇಳುವುದಿಲ್ಲ. ನಿನ್ನ ತಲೆ ಮುಟ್ಟಿ ಮಾಡಿದ ಆಣೆಯನ್ನು ಮೊನ್ನೆ ಸೋಮವಾರ ಮುರಿದೆ. ಗರಗಸ ಹಿಡಿದೆ, ಅದೂ ಗಾಳಿಗೆ ಬಿದ್ದ ಮರಕ್ಕೆ. ಹನ್ನೊಂದು ವರ್ಷದ ಹಿಂದೆ ಕೊಡಂಬಲದ ಹತ್ತಿರ ಅಂಥದೇ ಮರ ಕೊಯ್ಯಲು ಹೋಗಿ ನೀನು ಎಡಗಾಲು ಕಳೆದುಕೊಂಡು ಬಂದೆ. ಏನಾಯಿತು, ಹೇಗಾಯಿತು ಎಂದು ಒಬ್ಬರಿಗೂ ಹೇಳಲಿಲ್ಲ. ದವಾಖಾನೆಯ ಮಂಚದ ಮೇಲೆ ಕಣ್ಣು ಬಿಟ್ಟ ಕೂಡಲೇ ನನ್ನ ಕೈ ಎಳೆದು ತಲೆಯ ಮೇಲೆ ಇಟ್ಟುಕೊಂಡು, "ಇನ್ನ ಗರಗಸ ಹಾಕಿ ಕೊಯ್ಯಂಗಿಲ್ಲ ಅನ್ನು" ಎಂದೆ. ದೇವರ ಆಣೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲವಲ್ಲ, ಅದಕ್ಕೆ ನಿನ್ನ ತಲೆಯನ್ನೇ ಮುಂದೆ ಮಾಡಿದೆ. ನಾನು ಅಳುತ್ತಾ ಹಾಗೇ ಅಂದೆ. ಅಣ್ಣನೂ ಅಲ್ಲೇ ನಿಂತಿದ್ದ, ಅವನಿಂದ ಯಾಕೆ ಆಣೆ ತೆಗೆದುಕೊಳ್ಳಲಿಲ್ಲ? ಅವನು ಗರಗಸದ ಹತ್ತಿರ ಹಾಯುವವನಲ್ಲ, ಹಾಯುವವಳು ನಾನೇ ಎಂದು ನಿನಗೆ ಗೊತ್ತಿತ್ತು. ಶಾಲೆ ಬಿಟ್ಟ ಕೂಡಲೇ ಅಡ್ಡಾಕ್ಕೆ ಓಡಿ ಬಂದು ನಿನ್ನ ಗರಗಸದ ಇನ್ನೊಂದು ತುದಿ ಹಿಡಿಯುತ್ತಿದ್ದವಳು ನಾನು.

ಇನ್ನೊಂದು ಮಾತು. ನಿನ್ನ ಆ ದೊಡ್ಡ ಗರಗಸವನ್ನು ಗುಜರಿಯವನಿಗೆ ಹಾಕಿದೆವು ಎಂದು ಅಣ್ಣ ಹೇಳಿದ್ದು ಸುಳ್ಳು. ಅವನು ಹಾಕಲು ಹೊರಟಿದ್ದ, ನಾನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಇಲ್ಲಿಗೆ ತಂದೆ. ಇಷ್ಟು ವರ್ಷ ನಮ್ಮ ಅಟ್ಟದ ಮೇಲಿತ್ತು. ವರ್ಷಕ್ಕೊಮ್ಮೆ ಎಣ್ಣೆ ಒರೆಸುತ್ತಿದ್ದೆ, ಹಲ್ಲು ಮಸೆಯುತ್ತಿದ್ದೆ. ಕೊಯ್ಯುತ್ತಿರಲಿಲ್ಲ ಅಷ್ಟೇ. ಮಸೆಯಬೇಡ ಎಂದು ನೀನು ಆಣೆ ಹಾಕಿಸಿರಲಿಲ್ಲ.

ಈಗ ನಡೆದದ್ದು ಹೇಳುತ್ತೇನೆ. ರವಿವಾರ ಸಂಜೆ ಇಲ್ಲಿ ಕಣ್ಣು ಬಿಡಲಾಗದಂಥ ಗಾಳಿ, ಜೊತೆಗೆ ಆಲಿಕಲ್ಲು ಮಳೆ. ನಮ್ಮ ಪಕ್ಕದ ಮನೆಯ ಭೀಮಶಾ ಕಾಕಾ ನಿನಗೆ ನೆನಪಿರಬೇಕು, ನನ್ನ ಮದುವೆಯಲ್ಲಿ ಹಂಡೆ ತುಂಬ ಮಜ್ಜಿಗೆ ತಂದವನು. ಅವನ ಅಂಗಳದ ಬೇವಿನ ಮರ ಬೇರು ಸಮೇತ ಕಿತ್ತು ದನದ ಕೊಟ್ಟಿಗೆಯ ಮೇಲೆ ಮಲಗಿತು. ಇಬ್ಬರು ಕೈ ಚಾಚಿ ತಬ್ಬಿದರೂ ಸಿಗದ ಮರ ಅದು. ತಗಡು ಒಳಗೆ ಬಾಗಿತು, ಬಾಗಿಲಿಗೆ ಬೊಡ್ಡೆ ಅಡ್ಡ ಬಿತ್ತು. ಒಳಗೆ ಮೂರು ಎಮ್ಮೆ, ಅದರಲ್ಲಿ ಒಂದು ಇವತ್ತೋ ನಾಳೆಯೋ ಈಯುವಂಥದ್ದು. ಹಳ್ಳಿಖೇಡದಲ್ಲಿ ಮರ ಕೊಯ್ಯುವ ಮಷೀನಿನವನು ಇದ್ದಾನೆ, ಎಲ್ಲ ಕಡೆ ಮರ ಬಿದ್ದಿವೆ, ಗುರುವಾರಕ್ಕೆ ಮುಂಚೆ ಬರಲಾರೆ ಎಂದ. ತಗಡು ಗುರುವಾರದವರೆಗೆ ಕಾಯುವಂತಿರಲಿಲ್ಲ.

ಸೋಮವಾರ ಬುದ್ಧ ಪೂರ್ಣಿಮೆ. ನಿನ್ನ ಅಳಿಯ ಶೈಲೇಶ ವಿಹಾರದಲ್ಲಿ ಪೆಂಡಾಲು ಕಟ್ಟಿಸಲು ನಸುಕಿನಲ್ಲೇ ಬಸವಕಲ್ಯಾಣಕ್ಕೆ ಹೋಗಿದ್ದರು. ನಾನೂ ಬಿಳಿ ಸೀರೆ ಉಟ್ಟು ಹೊರಟಿದ್ದೆ. ಅಂಗಳ ದಾಟುವಾಗ ನೋಡುತ್ತೇನೆ, ಕಾಕಾನ ತಮ್ಮನ ಮಗ ಧರ್ಮೇಂದ್ರ ಟ್ರ್ಯಾಕ್ಟರ್ ತಂದು ಬೊಡ್ಡೆಗೆ ಸರಪಳಿ ಸುತ್ತುತ್ತಿದ್ದಾನೆ. "ಒಂದು ಝಟ್ಕಾ ಕೊಟ್ರ ಮುಗೀತು ನೋಡ್ರಿ" ಎನ್ನುತ್ತಾನೆ. ಕೊಂಬೆಗಳ ನಡುವೆ ಕರೆಂಟಿನ ತಂತಿ ಸಿಕ್ಕಿಕೊಂಡಿದೆ, ಅದರತ್ತ ಯಾರ ಗಮನವೂ ಇಲ್ಲ. ನಾಲ್ಕು ಜನ ಫೋನು ಎತ್ತಿ ಹಿಡಿದು ವಿಡಿಯೋ ಮಾಡುತ್ತಾ ಅದೇ ತಂತಿಯ ಕೆಳಗೆ ನಿಂತಿದ್ದಾರೆ. ಇಷ್ಟಾದರೂ ಸಾಲದು ಎಂಬಂತೆ ಗಂಗುಬಾಯಿ ಕಾಕು, ಭೀಮಶಾ ಕಾಕಾನ ಹೆಂಡತಿ, ಬೇರು ಎದ್ದ ಗುಂಡಿಯೊಳಗೆ ದೀಪ ಹಚ್ಚಿಕೊಂಡು ಕೂತಿದ್ದಾಳೆ.

ಯಾಕೆಂದರೆ ಆ ಬೇವಿನ ಬುಡದಲ್ಲಿ ಅವರ ಮನೆದೇವಿ ಮರಗಮ್ಮನ ಕಲ್ಲಿತ್ತು. ಮರ ಬೀಳುವಾಗ ಕಟ್ಟೆ ಒಡೆದು ಕಲ್ಲು ಗುಂಡಿಗೆ ಜಾರಿತು. ದೇವಿ ನೆಲಕ್ಕೆ ಬಿದ್ದರೆ ಅವಳನ್ನು ಎತ್ತಿ ಕೂರಿಸುವ ತನಕ ಮನೆಯ ಹಿರಿ ಸೊಸೆ ಬಿಟ್ಟು ಕದಲಬಾರದು ಎಂಬುದು ಅವರ ಮನೆತನದ ಪದ್ಧತಿಯಂತೆ. ಕಲ್ಲೋ ಅರ್ಧ ಮಣ್ಣಿನಲ್ಲಿ ಹೂತು ಅಲುಗುತ್ತಿರಲಿಲ್ಲ. ಸರಿ, ಮರ ತೆಗೆಯುವ ತನಕ ನಾನು ಇಲ್ಲೇ ಕೂಡುತ್ತೇನೆ ಎಂದು ಕೂತಿದ್ದಳು. ತಲೆಯ ಮೇಲೆ ಬೇರಿನ ಗೋಡೆ, ಆಳೆತ್ತರ, ಮಣ್ಣು ಕಲ್ಲು ಎಲ್ಲ ಹಿಡಿದುಕೊಂಡದ್ದು. ಅದನ್ನು ಎತ್ತಿ ಹಿಡಿದಿರುವುದು ಆಚೆ ಬಿದ್ದ ಬೊಡ್ಡೆಯ ಭಾರ, ಆ ಭಾರ ಕಡಿದ ಕ್ಷಣ ಬೇರು ತಿರುಗಿ ತನ್ನ ಗುಂಡಿಗೆ ಬಂದು ಕೂಡುತ್ತದೆ ಎಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹದಿನಾಲ್ಕು ವರ್ಷದವಳಿದ್ದಾಗ ನೀನೇ ತೋರಿಸಿದ್ದೆ. ಗೊತ್ತಿದ್ದವಳು ಆಣೆಯನ್ನು ನೆನೆಸಿಕೊಂಡು ವಿಹಾರಕ್ಕೆ ಹೋಗಬೇಕಿತ್ತಾ ಅಪ್ಪಾ? ಹೋಗಿ ಬುದ್ಧನ ಮುಂದೆ ಕೈ ಮುಗಿದು ಕೂಡಬೇಕಿತ್ತಾ? ನೀನೇ ಹೇಳು.

ನಾನು ಮೊದಲು ಮಾಡಿದ ಕೆಲಸ ಟ್ರ್ಯಾಕ್ಟರಿನ ಚಾವಿ ಕಿತ್ತು ಸೆರಗಿಗೆ ಗಂಟು ಹಾಕಿಕೊಂಡದ್ದು. ಧರ್ಮೇಂದ್ರ ಹಾರಾಡಿದ. ಹಾರಾಡು ಎಂದೆ. ಆಮೇಲೆ ಲೈನ್‌ಮನ್ ಅಂಬಾದಾಸನಿಗೆ ಫೋನು ಮಾಡಿದೆ. ಅವನು ಬಂದು ಟ್ರಾನ್ಸ್‌ಫಾರ್ಮರಿನ ಫ್ಯೂಸು ತೆಗೆದು, ತಂತಿ ಬಿಡಿಸಿ, "ಈಗ ಮುಟ್ರಿ" ಎಂದು ತನ್ನ ಬಾಯಿಂದ ಹೇಳುವ ತನಕ ಎಲೆಯನ್ನೂ ಮುಟ್ಟಲು ಬಿಡಲಿಲ್ಲ. ಕರೆಂಟು ಹೋಗಿದೆ ಬಿಡು ಎಂದು ನಾಲ್ಕು ಸಲ ಹೇಳಿದರು. ಮನೆಯ ಬಲ್ಬು ಆರಿದರೆ ತಂತಿ ಸತ್ತಿದೆ ಎಂದೇನೂ ಅಲ್ಲವಲ್ಲ. ವಿಡಿಯೋ ಮಾಡುವವರನ್ನು ಬೈದು ರಸ್ತೆಯ ಆಚೆಗೆ ಅಟ್ಟಿದೆ.

ಕಷ್ಟವಾದದ್ದು ಗಂಗು ಕಾಕುವನ್ನು ಮೇಲೆ ತರುವುದು. "ನಮ್ಮವ್ವ ಮಣ್ಣಾಗ ಬಿದ್ದಾಳ, ಆಕಿನ್ನ ಬಿಟ್ಟು ನಾ ಹ್ಯಾಂಗ ಬರ್ಲಿ ರತ್ನಾ?" ಎಂದು ಅತ್ತಳು. ನೀವು ಮೇಲೆ ಬರುವ ತನಕ ಒಂದು ಕೊಂಬೆಯನ್ನೂ ಕೊಯ್ಯಲು ಬಿಡುವುದಿಲ್ಲ ಎಂದೆ. ಆಗ ಭೀಮಶಾ ಕಾಕಾ ರೇಗಿದ. ಮೂವತ್ತು ಜನರ ಮುಂದೆ, "ನಿಮ್ಮವ್ರಿಗೆ ದೇವ್ರೇ ಇಲ್ಲ, ಇದ್ರಾಗ ನಿನಗೇನ್ ತಿಳೀತದ?" ಎಂದ. ಅವನ ಬಾಯಿಂದ ಈ ಹದಿನೈದು ವರ್ಷದಲ್ಲಿ ಅಂಥ ಮಾತು ಕೇಳಿರಲಿಲ್ಲ. ಎದೆಗೆ ನಾಟಿತು, ಸುಳ್ಳು ಯಾಕೆ ಹೇಳಲಿ. ಆದರೆ ತಲೆ ತಗ್ಗಿಸಲಿಲ್ಲ. "ದೇವ್ರು ಇಲ್ರಿ ಕಾಕಾ, ಖರೇ ಅದ. ಗಂಗು ಕಾಕು ಅದಾರಲ್ಲ, ನನಗ ಅಷ್ಟು ಸಾಕು" ಎಂದೆ.

ಆಮೇಲೆ ಒಂದು ಉಪಾಯ ಹೊಳೆಯಿತು. ಎತ್ತಿನ ಗಾಡಿಯ ಉದ್ದ ಹಗ್ಗ ತರಿಸಿ ಗುಂಡಿಗೆ ಬಿಟ್ಟೆ. ಕಾಕು, ಒಂದು ತುದಿ ದೇವಿಗೆ ಕಟ್ಟಿರಿ, ಇನ್ನೊಂದು ತುದಿ ಕೈಯಲ್ಲಿ ಹಿಡಿದುಕೊಂಡು ಮೇಲೆ ಬನ್ನಿರಿ, ಹಗ್ಗ ಬಿಡದಿದ್ದರೆ ದೇವಿಯನ್ನು ಬಿಟ್ಟ ಹಾಗೆ ಹೇಗಾಗುತ್ತದೆ ಎಂದೆ. ಅವಳು ಮೂಗು ಒರೆಸಿಕೊಂಡು ಕಲ್ಲಿಗೆ ಮೂರು ಸುತ್ತು ಬಿಗಿದಳು, ಹಗ್ಗ ಹಿಡಿದೇ ಏರಿ ಬಂದಳು. ಐದಾರು ಹೆಂಗಸರು ಸೇರಿ ದೂರ ನಿಂತು ಎಳೆದೆವು. ಮೂರನೇ ಎಳೆತಕ್ಕೆ ಮರಗಮ್ಮ ಹೊರಗೆ ಬಂದಳು, ಒಂದು ಮೂಲೆ ಮುಕ್ಕಾಗಿತ್ತು. ಗುಂಡಿಯ ಅಂಚಿನಿಂದ ಈಚೆಗೆ ಎತ್ತಿ ಕೂರಿಸುವಾಗ ನನ್ನ ಕೈಯೂ ಆ ಕಲ್ಲಿಗಿತ್ತು. ಮುಟ್ಟಬೇಡ ಎಂದು ಯಾರಾದರೂ ಅಂದಿದ್ದರೆ ಉತ್ತರ ನನ್ನ ಹತ್ತಿರ ತಯಾರಿತ್ತು.

ಅಟ್ಟದಿಂದ ಗರಗಸ ಇಳಿಸಲು ಏಣಿ ಹತ್ತಿದೆ. ನಿನ್ನ ಮುಖ ಕಣ್ಣ ಮುಂದೆ ಬಂತು, ಅಡ್ಡಾದಲ್ಲಿದ್ದಾಗಿನ ಮುಖ ಅಲ್ಲ, ದವಾಖಾನೆಯದು. ಆದರೂ ಇಳಿಸಿದೆ. ಅವಸರ ಮಾಡಲಿಲ್ಲ. "ಕಟ್ಟಿಗಿ ಎಲ್ಲಿ ನೋಯಾಕತ್ತದ, ಮೊದ್ಲ ಅದು ನೋಡು" ಎಂದು ನೀನು ಹೇಳುತ್ತಿದ್ದೆಯಲ್ಲ, ಹಾಗೇ ಸುತ್ತಲೂ ಎರಡು ಸಲ ತಿರುಗಿ ನೋಡಿದೆ. ತುದಿಯ ಸಣ್ಣ ಕೊಂಬೆ ಮೊದಲು ತೆಗೆಸಿದೆ. ನೆಲಕ್ಕೆ ಊರಿ ಮರವನ್ನು ಹೊತ್ತು ನಿಂತ ಕೊಂಬೆಗಳಿಗೆ ಕೈ ಹಚ್ಚಲು ಬಿಡಲಿಲ್ಲ. ಬೊಡ್ಡೆ ಒಂದು ಕಡೆ ಬೇರಿನ ಮೇಲೆ, ಒಂದು ಕಡೆ ಕೊಟ್ಟಿಗೆಯ ಗೋಡೆಯ ಮೇಲೆ ಮಲಗಿ ನಡುವೆ ಜೋತಿತ್ತು; ಬರೀ ಮೇಲಿಂದ ಕೊಯ್ದರೆ ಗರಗಸವನ್ನು ಕಚ್ಚಿಕೊಳ್ಳುತ್ತದೆ. ಕೆಳಗೆ ಎರಡು ದಪ್ಪ ದಿಮ್ಮಿಯ ಆಸರೆ ಕೊಡಿಸಿದೆ, ಬೆಣೆ ಕೆತ್ತಿಸಿ ಇಟ್ಟುಕೊಂಡೆ. ಓಡಬೇಕಾದರೆ ಯಾವ ದಿಕ್ಕಿಗೆ ಎಂದು ಮೊದಲೇ ನೋಡಿ, ಅಲ್ಲಿದ್ದ ಕಸಕಡ್ಡಿ ತೆಗೆಸಿದೆ.

ಗರಗಸದ ಇನ್ನೊಂದು ತುದಿಗೆ ಗಂಡಸರು ನಾ ಮುಂದು ತಾ ಮುಂದು ಎಂದು ಬಂದರು. ಬೇಡ ಎಂದೆ. ತಾಕತ್ತಿಗೆ ಅವರಲ್ಲಿ ಕಡಿಮೆ ಇಲ್ಲ, ನಿಲ್ಲಿಸು ಎಂದರೆ ನಿಲ್ಲಿಸುವವರು ಬೇಕಿತ್ತು. ಗಂಗು ಕಾಕುವನ್ನು ಕರೆದೆ. ಎಲ್ಲರೂ ನಕ್ಕರು. ಐವತ್ತೈದು ವರ್ಷದ ಹೆಂಗಸು, ದಿನಾ ಎಮ್ಮೆ ಹಿಂಡುವ ಕೈ, ನಾನು ಎಳೆದಾಗ ಬಿಟ್ಟಳು, ನಾನು ಬಿಟ್ಟಾಗ ಎಳೆದಳು. ಹತ್ತು ನಿಮಿಷದಲ್ಲಿ ನಕ್ಕವರೇ ನಮಗೆ ನೀರು ತಂದುಕೊಟ್ಟರು. ಬೆಣೆ ಹೊಡೆಯುತ್ತಾ, ನಿಂತು ಉಸಿರು ಬಿಡುತ್ತಾ, ಎರಡು ತಾಸು ಕೊಯ್ದೆವು. ಕೊನೆಗೆ ಒಳಗಿನಿಂದ ಚಟ್ಟೆಂದು ಸದ್ದು ಬಂತು. "ಬಿಡ್ರಿ ಕಾಕು!" ಎಂದೆ. ಇಬ್ಬರೂ ಗರಗಸ ಅಲ್ಲೇ ಬಿಟ್ಟು ಹಿಂದಕ್ಕೆ ಸರಿದೆವು.

ಬೇರಿನ ಗೋಡೆ ಒಂದೇ ಏಟಿಗೆ ತಿರುಗಿ ಗುಂಡಿಗೆ ಬಿತ್ತು. ನಮ್ಮ ಮನೆಯ ಪಾತ್ರೆಗಳು ಕೂಡ ಅಲುಗಿ ಸದ್ದು ಮಾಡಿದವು. ಧೂಳು ಅಡಗಿದ ಮೇಲೆ ನೋಡಿದರೆ ಗುಂಡಿಯೇ ಇಲ್ಲ, ಬೊಡ್ಡೆಯ ಮೋಟು ನೆಟ್ಟ ಹಾಗೆ ನಿಂತಿದೆ. ಬೆಳಿಗ್ಗೆ ದೀಪ ಇಟ್ಟ ಜಾಗ ಯಾವುದು ಎಂದು ಗುರುತು ಸಿಗಲಿಲ್ಲ. ಭೀಮಶಾ ಕಾಕಾ ಎಷ್ಟೋ ಹೊತ್ತು ಹೆಂಡತಿಯ ಸೀರೆಯ ಅಂಚು ಹಿಡಿದುಕೊಂಡಿದ್ದ. ಆಮೇಲೆ ನನ್ನ ಹತ್ತಿರ ಬಂದು, "ಬಾಯಿ ಜಾರಿತ್ತವ್ವಾ, ಮಾಫ್ ಮಾಡು" ಎಂದ. ಮಾಫ್ ಮಾಡಿದೆ, ಆದರೆ ಮರೆಯುವುದಿಲ್ಲ ಎಂದೂ ಹೇಳಿದೆ. ಧರ್ಮೇಂದ್ರನಿಗೆ ಚಾವಿ ಕೊಟ್ಟು, ಕೊಯ್ದ ಬೊಡ್ಡೆಯನ್ನು ಬಾಗಿಲಿನಿಂದ ಆಚೆ ಎಳೆಸಿದ ಮೇಲೆ ಎಮ್ಮೆಗಳು ಹೊರಗೆ ಬಂದು ಎರಡೆರಡು ಬಕೀಟು ನೀರು ಕುಡಿದವು. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಹೆದರಿಕೆಯಿಂದ ಅಲ್ಲ, ನಿನ್ನ ಮೇಲಿನ ಸಿಟ್ಟಿನಿಂದ. ಇಷ್ಟೆಲ್ಲ ಕಲಿಸಿ, ಕಲಿತದ್ದನ್ನು ಮುಚ್ಚಿಡು ಎಂದೆಯಲ್ಲ. ನಿನ್ನ ಮಾತು ಕೇಳಿದ್ದರೆ ಸೋಮವಾರ ಆ ಮನೆಯಿಂದ ಹೆಣ ಎತ್ತುತ್ತಿದ್ದರು. ಆಣೆ ಮುರಿದದ್ದಕ್ಕೆ ನಾನು ಮಾಫಿ ಕೇಳುವುದಿಲ್ಲ.

ವೈನಿಗೆ, ಅಣ್ಣನಿಗೆ, ಮಕ್ಕಳಿಗೆ ಕೇಳಿದೆನೆಂದು ಹೇಳು. ತೊಡೆಗೆ ಕೊಬ್ಬರಿ ಎಣ್ಣೆ ಹಚ್ಚು. ನಿನ್ನ ಅಳಿಯ ಜೈಭೀಮ ಹೇಳಿದ್ದಾರೆ. ಬಿಳಿ ಸೀರೆಯ ಗತಿ ನೋಡಿ ಮೊದಲು ಬೈದರು, ಆಮೇಲೆ ತಾವೇ ಒಗೆದು ಹಾಕಿದರು. ನೀನು ಚೆನ್ನಾಗಿರು, ಬಹಳ ವರ್ಷ ಇರು, ನನ್ನನ್ನು ಬೈಯಲಾದರೂ ಇರು.

ನಿನ್ನ ಮಗಳು,
ರತ್ನಮಾಲಾ

ತಾ.ಕ.: ಬಸ್ಸಿನವನ ಕೈಗೆ ಕೊಡುವ ಅವಸರದಲ್ಲಿ ಮುಖ್ಯವಾದದ್ದೇ ಉಳಿಯಿತು. ವಿಡಿಯೋ ನೋಡಿ ಕೊಡಂಬಲದಿಂದ ಇಬ್ಬರು ಬಂದಿದ್ದರು. ಅಲ್ಲಿ ಒಂದು ಮನೆಯ ಮೇಲೆ ಮಾವಿನ ಮರ ಬಿದ್ದಿದೆ, ಇಳಿಜಾರಿನ ಜಾಗ. ಹನ್ನೊಂದು ವರ್ಷದ ಹಿಂದೆ ನಿನ್ನ ಕಾಲಿನ ಮೇಲೆ ದಿಮ್ಮಿ ಉರುಳಿದ್ದೂ ಅಂಥ ಜಾಗದಲ್ಲೇ ಎಂದು ಅವರೇ ಹೇಳಿದರು. ರವಿವಾರ ಬರುತ್ತೇನೆಂದು ಒಪ್ಪಿಕೊಂಡಿದ್ದೇನೆ, ಗಂಗು ಕಾಕುವೂ ಬರುತ್ತಾಳೆ. ಹೋಗಲಾ ಎಂದು ನಿನ್ನನ್ನು ಕೇಳುತ್ತಿಲ್ಲ. ಆದರೆ ಇಳಿಜಾರಿನಲ್ಲಿ ದಿಮ್ಮಿ ಯಾವಾಗ ಉರುಳುತ್ತದೆ, ಉರುಳುವ ಮುಂಚೆ ಏನು ಸುಳಿವು ಕೊಡುತ್ತದೆ, ಅದೊಂದು ನನಗೆ ಗೊತ್ತಿಲ್ಲ ಅಪ್ಪಾ. ಅದು ನಿನಗೊಬ್ಬನಿಗೇ ಗೊತ್ತು. ಆ ದಿನ ಎಲ್ಲಿ ನಿಂತಿದ್ದೆ, ಏನು ಕೇಳಿಸಿತು, ಏನು ತಪ್ಪಿತು, ಶನಿವಾರದೊಳಗೆ ಬರೆದು ಕಳಿಸು. ಅದನ್ನು ಹೇಳುವ ಬದಲು ಅಂದು ನನ್ನಿಂದ ಆಣೆ ತೆಗೆದುಕೊಂಡೆ. ಆಣೆ ಈಗ ಉಳಿದಿಲ್ಲ. ಇನ್ನಾದರೂ ಹೇಳು.