ದಿಪೋಟಿಯನ್ನು ನಿನ್ನ ಕೈಗೆ ಒಪ್ಪಿಸುವ ಮುನ್ನ

ಬಾಗಲಕೋಟೆ
ಮಾಘ ಬಹುಳ ಪಂಚಮಿ, ಸನ್ ೧೯೧೧

ಮಗಳೇ ಸುಗರಾ,

ನಿನಗೆ, ನಿನ್ನ ಗಂಡನಿಗೆ, ನಿನ್ನ ಪುಟ್ಟ ಮಗಳಿಗೆ ನಿನಗೆ ಶಾಲೆ ಕಲಿಸಿದ ಅಕ್ಕೋರ ಇಂದ್ರಾಬಾಯಿಯ ಆಶೀರ್ವಾದ. ನಿನ್ನ ಮೈಯಲ್ಲಿ ಈಗ ಕಸುವು ಬಂದಿರಬೇಕು. ಮಗ್ಗಕ್ಕೆ ಕೂಡುವ ಅವಸರ ಮಾಡಬೇಡ.

ನಾಡಿದ್ದು ಬೆಳಗಿನ ರೈಲುಗಾಡಿಗೆ ನಾನು ಮಿರಜಿಗೆ ಹೊರಡುತ್ತೇನೆ. ಹಾಸಿಗೆ ಸುತ್ತಿ ಕಟ್ಟಿಯಾಗಿದೆ. ಹೊಟ್ಟೆಯೊಳಗೆ ಬೆಳೆದ ಗಂಟನ್ನು ಕೊಯ್ದು ತೆಗೆಯಬೇಕೆಂದು ಅಲ್ಲಿಯ ಡಾಕ್ಟರರು ಹೇಳಿದ್ದು ನಿನಗೆ ಗೊತ್ತೇ ಇದೆ. ಎಚ್ಚರ ತಪ್ಪಿಸುವ ಔಷಧ ಮೂಗಿಗೆ ಹಿಡಿದ ಮೇಲೆ ಅರವತ್ತಾರರ ಮುದುಕಿ ಏಳಲೂಬಹುದು, ಏಳದೆಯೂ ಇರಬಹುದು. ಅವರು ಮುಚ್ಚುಮರೆ ಮಾಡಲಿಲ್ಲ. ಅದಕ್ಕೇ ನಾನೂ ಇವತ್ತು ನಿನ್ನೊಡನೆ ಮುಚ್ಚುಮರೆ ಮಾಡಬಾರದೆಂದು ಕುಳಿತಿದ್ದೇನೆ.

ನಿಮ್ಮ ಕಮತಗಿಯಿಂದ ನಾನು ಬಂಡಿ ಹತ್ತುವಾಗ ನೀನು ಒಂದು ಮಾತು ಕೇಳಿದೆ. "ಅಕ್ಕೋರ, ನನಗ ಜ್ವರ ಬಂದಾಗ ನೀವು ಜೋಪಡಿಗೆ ಹೆಂಗ ಬಂದ್ರಿ? ಮಾವ ಹೆಂಗ ಬಿಟ್ಟ್ರು?" ಬಂಡಿ ಹೊರಟಿತೆಂಬ ನೆಪ ಮಾಡಿ ನಾನು ಉತ್ತರ ಕೊಡದೆ ಬಂದೆ. ನೀನು ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಕಳಿಸಿದೆ. ಆ ಕೈ ಅಂದು ಏನು ಮಾಡಲು ಬಂದಿತ್ತು ಎಂಬುದನ್ನು ತಿಳಿದ ಮೇಲೆಯೇ ನೀನು ನಾನು ನಿನ್ನಲ್ಲಿ ಬಿಟ್ಟುಬಂದ ಬೆಕ್ಕು ದಿಪೋಟಿಯನ್ನು ಇಟ್ಟುಕೊಳ್ಳಬೇಕು.

ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ.

ದಿಪೋಟಿ ನಾನು ಕಲಿಸುತ್ತಿದ್ದ ಹೆಣ್ಣುಮಕ್ಕಳ ಶಾಲೆಗೆ ತಾನಾಗಿಯೇ ಬಂದು ಸೇರಿದ ಬೆಕ್ಕು. ಶಾಲೆಗಳ ತಪಾಸಣೆಗೆ ಬರುವ ಡೆಪ್ಯುಟಿ ಇನ್ಸ್‌ಪೆಕ್ಟರರ, ನಮ್ಮ ಬಾಯಲ್ಲಿ ದಿಪೋಟಿ ಸಾಹೇಬರ, ಹಾಗೆ ಯಾರನ್ನೂ ಮಾತಾಡಿಸದೆ ಒಳಗೆ ಬಂದು, ಸಾಲುಗಳ ನಡುವೆ ಒಮ್ಮೆ ಅಡ್ಡಾಡಿ, ಮುಖ ಸಿಂಡರಿಸಿ ಹೊರಟುಹೋಗುತ್ತಿದ್ದ. ಹುಡುಗಿಯರೇ ಆ ಹೆಸರಿಟ್ಟರು. ನಾನು ನೌಕರಿ ಬಿಟ್ಟ ದಿನ ನನ್ನ ಹಿಂದೆಯೇ ಮನೆಗೆ ಬಂದ. ಏಳು ವರ್ಷ ಆ ಒಂದೇ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಬೆಳಗಿನ ಜಾವ ನನ್ನ ಮುಖದ ಮೇಲೆ ಮೂಗಿಟ್ಟು ಉಸಿರಾಡುತ್ತಿದ್ದೇನೋ ಇಲ್ಲವೋ ನೋಡುವ ಜೀವ ನನಗೆ ಈ ಲೋಕದಲ್ಲಿ ಅದೊಂದೇ ಇತ್ತು.

ಕೊಯ್ಯಬೇಕೆಂದು ಡಾಕ್ಟರರು ಹೇಳಿದಾಗ ನನಗೆ ಮೊದಲು ಬಂದ ಯೋಚನೆ ಇವನದು. ಅಣ್ಣನ ಮಗ ಪ್ರಲ್ಹಾದನ ಮನೆ ಎರಡು ಓಣಿ ಆಚೆ. ಹೊರಡುವ ಎರಡು ವಾರ ಮೊದಲೇ ಇವನನ್ನು ಅಲ್ಲಿ ಬಿಟ್ಟರೆ, ನಾನು ಊರಲ್ಲಿರುವಾಗಲೇ ಅವರಿಗೆ ಹೊಂದಿಕೊಳ್ಳುತ್ತಾನೆ ಎಂದು ಲೆಕ್ಕ ಹಾಕಿದೆ. ಪ್ರಲ್ಹಾದ ಒಪ್ಪಿದ. ಅವನ ಹೆಂಡತಿ ತುಂಗಾ ತೊಟ್ಟಿಲು ತೂಗುತ್ತಿದ್ದಳು, ಮಾತಾಡಲಿಲ್ಲ. ಆ ಮೌನವನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಐದನೆಯ ದಿನ ಕೆನೆ ತೆಗೆದುಕೊಂಡು ಹೋದರೆ ಬೆಕ್ಕು ಇಲ್ಲ. ಪ್ರಲ್ಹಾದ ನೆಲ ನೋಡಿದ. ತುಂಗಾ ಮಾತ್ರ ಕೂಸನ್ನು ಎದೆಗೆ ಅವುಚಿಕೊಂಡು ನೇರವಾಗಿ ಹೇಳಿದಳು: "ಅತ್ಯಾ, ನಮ್ಮ ಓಣ್ಯಾಗ ಇಲಿ ಬೀಳ್ಲಿಕತ್ತಾವ. ಇದು ಇಲಿ ಹಿಡದು ಬಂದು ತೊಟ್ಟಲದಾಗ ಮಲಗ್ತದ. ನಾ ಹ್ಯಾಂಗ ಸುಮ್ಮನಿರಲಿ?" ಸತ್ತ ಇಲಿ ಬಿತ್ತೆಂದರೆ ಹಿಂದೆಯೇ ಪ್ಲೇಗು ಬರುತ್ತದೆಂಬುದು ಮಕ್ಕಳಿಗೂ ಗೊತ್ತಿದ್ದ ವರ್ಷ ಇದು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ಸುಗರಾ. ಹೇಳದೆ ಕೇಳದೆ ಕಳಿಸಿದ್ದಕ್ಕೆ ದುಃಖವಾಯಿತು. ಬೆಕ್ಕನ್ನು ಚೀಲದಲ್ಲಿ ಕಟ್ಟಿ ಹುನಗುಂದದ ಕಡೆ ಹೊರಟ ಹತ್ತಿಯ ಬಂಡಿಗೆ ಕೊಟ್ಟಿದ್ದರು. ಚೀಲದ ಒದ್ದಾಟ ತಾಳದೆ ಬಂಡಿಯವನು ಕಮತಗಿಯಲ್ಲೇ ಬಾಯಿ ಬಿಚ್ಚಿ ಬಿಟ್ಟಿದ್ದ.

ಮರುದಿನವೇ ನಾನೂ ಬಂಡಿ ಹತ್ತಿದೆ. ಹೊಟ್ಟೆಯ ಗಂಟು ಪ್ರತಿಯೊಂದು ತಗ್ಗಿಗೂ ಜಗ್ಗುತ್ತಿತ್ತು.

ನಿಮ್ಮ ಊರ ಬಾಯಿಗೆ ಜಾಲಿಮುಳ್ಳಿನ ಬೇಲಿ ಹಾಕಿದ್ದರು. ಬಾಗಲಕೋಟೆಯಿಂದ ಬಂದವರನ್ನು ಒಳಗೆ ಬಿಡುವುದಿಲ್ಲವೆಂದು ಬಡಿಗೆ ಹಿಡಿದ ನಾಲ್ಕು ಜನ ನಿಂತಿದ್ದರು. ನಡುವೆ ಬಿಳಿಗಡ್ಡದ ಮುರ್ತುಜಸಾಬರು. ಅವರು ನಿನ್ನ ಮಾವ ಎಂದು ನನಗೆ ಆಗ ಗೊತ್ತಿರಲಿಲ್ಲ. ಬೆಕ್ಕಿನ ಮಾತೆತ್ತಿದ ಕೂಡಲೇ ಅವರ ಮುಖ ಗಟ್ಟಿಯಾಯಿತು. "ಅದ ನಿಮ್ಮದೇನ್ರಿ? ಬ್ಯಾನಿ ಊರಿನ ಬೆಕ್ಕ ಅಂತ ಮೂರ ದಿನ ಆತು ಹುಡಕಾಕತ್ತೀವಿ. ಸಿಕ್ಕರ ಹೊಡದ ಹಾಕಾವ್ರ ನಾವು" ಅಂದರು.

ಆಗ ಓಣಿಯಿಂದ ನೀನು ಬಂದೆ. ನಿನ್ನ ಸೆರಗಿನೊಳಗಿಂದ ದಿಪೋಟಿಯ ಹರಿದ ಎಡಗಿವಿ ಹೊರಗೆ ಕಾಣುತ್ತಿತ್ತು. ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯಲ್ಲಿ ಬಚ್ಚಿಟ್ಟು ಸಾಕಿದ್ದನ್ನು ನೀನೇ ಎಲ್ಲರೆದುರು ಹೊರತಂದಿದ್ದೆ. "ಕುಣ್ಯಾಗ ಬಂದು ನನ್ನ ಕಾಲ ಮ್ಯಾಲ ಬಿದ್ದ ಮಲಗಿತ್ರಿ ಮಾವಾ. ಕಾಲಿಗೆ ಬಿದ್ದದ್ದನ್ನ ಹೆಂಗ ಹೊಡಸಲಿ?" ಅಂದೆ. ಆಮೇಲೆ ನನ್ನತ್ತ ತಿರುಗಿದೆ. ಹತ್ತೊಂಬತ್ತು ವರ್ಷದ ಮೇಲೆ ನೋಡಿದರೂ ಒಂದು ಗಳಿಗೆಯಲ್ಲಿ "ಅಕ್ಕೋರಾ" ಎಂದು ಕೂಗಿದೆ.

ನನಗೆ ನಿನ್ನನ್ನು ಗುರುತಿಸಲು ಅಷ್ಟೂ ಹೊತ್ತು ಬೇಕಾಗಲಿಲ್ಲ. ನಿನ್ನನ್ನು ಮರೆತದ್ದೇ ಇಲ್ಲ ನಾನು. ಹನ್ನೊಂದು ವರ್ಷದ ನಿನ್ನನ್ನು ಲಗ್ನಕ್ಕೆಂದು ಶಾಲೆ ಬಿಡಿಸಲು ನಿನ್ನ ಅಪ್ಪ ಬಂದಾಗ ನೀನು ಕದದ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದೆ. ಆ ವರ್ಷ ಭಾಗಾಕಾರದಲ್ಲಿ ನಿನ್ನನ್ನು ಮೀರಿಸುವವರು ಇರಲಿಲ್ಲ. ಇನ್ನೆರಡು ವರ್ಷ ಬಿಡಿ ಎಂದು ಒಂದು ಮಾತು ಹೇಳಬಹುದಾಗಿತ್ತು. ನನ್ನ ನೌಕರಿಗೆ ಎಲ್ಲಿ ಕುತ್ತು ಬರುವುದೋ ಎಂದು ಹೆದರಿ, "ಹಿರಿಯರು ಹೇಳಿದ್ದ ಕೇಳವ್ವಾ" ಅಂದು, ನಿನ್ನ ಕೈಯಲ್ಲಿದ್ದ ಶಾಲೆಯ ಬರೆಯುವ ಪಾಟಿಯನ್ನು ವಾಪಸ್ಸು ತೆಗೆದುಕೊಂಡೆ. ನೀನು ಅದನ್ನು ಸೆರಗಿನಿಂದ ಒರೆಸಿ ಕೊಟ್ಟೆ.

ಬೇಲಿಯ ಬಳಿ ಆದ ತೀರ್ಮಾನ ನಿನಗೆ ನೆನಪಿದೆ. ಬೆಕ್ಕನ್ನು ಮರಳಿ ಒಯ್ದರೆ ಬಿಟ್ಟುಹೋಗಲು ನನಗೆ ಮನೆಯಿರಲಿಲ್ಲ, ಅದನ್ನು ಮುಟ್ಟಿದ ನಿನ್ನನ್ನು ಊರವರು ಒಳಗೆ ಬಿಡಲೊಲ್ಲರು. ಬೆಕ್ಕಿನ ಜೊತೆ ಹತ್ತು ದಿನ ಹೊಲದ ಜೋಪಡಿಯಲ್ಲಿ ಒಬ್ಬಳೇ ಇರುತ್ತೇನೆ, ಇಬ್ಬರೂ ಉಳಿದರೆ ಊರೊಳಗೆ ಕರೆದುಕೊಳ್ಳಿ ಎಂದು ನೀನೇ ಪಣ ಕಟ್ಟಿದೆ. ನಾನು ಬೇಡವೆನ್ನಬೇಕಾಗಿತ್ತು. ನಿನಗೆ ಆರು ವರ್ಷದ ಮಗಳಿದ್ದಾಳೆ ಎಂದು ಕಣ್ಣಾರೆ ಕಂಡೂ ಸುಮ್ಮನಿದ್ದೆ. ಇನ್ನೊಂದು ಸಲ.

ನಾನು ದಾರಿಬದಿಯ ಧರ್ಮಶಾಲೆಯಲ್ಲಿ ಉಳಿದೆ. ದಿನಾ ಮುಂಜಾನೆ ಹೊಲದ ಬದುವಿನಿಂದ ಕೂಗುತ್ತಿದ್ದೆ, ನೀನು ಕೈ ಎತ್ತುತ್ತಿದ್ದೆ. ಆರು ದಿನ ಎತ್ತಿದೆ. ಏಳನೆಯ ದಿನ ಎತ್ತಲಿಲ್ಲ.

ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ.

ನೀನು ಜೋಪಡಿಯೊಳಗೆ ಮುದುಡಿಕೊಂಡು ನರಳುವುದು ಬದುವಿನವರೆಗೂ ಕೇಳುತ್ತಿತ್ತು. ಜನ ಕೂಡಿದರು, ಹತ್ತಿರ ಹೋಗಲು ಯಾರಿಗೂ ಧೈರ್ಯವಿಲ್ಲ. ನಿನ್ನ ಗಂಡ ನುಗ್ಗಲು ಹೋದ, ಇಬ್ಬರು ಅವನ ರಟ್ಟೆ ಹಿಡಿದು ನಿಲ್ಲಿಸಿದರು. ಬೇಲಿಯ ಬಳಿ ಯಾರೋ ಎತ್ತಿಕೊಂಡಿದ್ದ ನಿನ್ನ ಮಗಳು "ಅವ್ವಾ" ಎಂದು ಒಂದೇ ಸಮನೆ ಕೂಗುತ್ತಿದ್ದಳು. ಮುರ್ತುಜಸಾಬರು ನನ್ನೆದುರು ಬಂದು ನಿಂತರು. ಅವರು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತಗ್ಗಿದ ದನಿಯಲ್ಲಿ, "ಒಂದ ಬೆಕ್ಕಿನ ಸಲುವಾಗಿ ನನ್ನ ಸೊಸಿ ಸಾಯಬೇಕೇನ್ರಿ ಅಕ್ಕೋರ?" ಎಂದು ಕೇಳಿದರು.



"ಏನ ಮಾಡಬೇಕು ಹೇಳ್ರಿ" ಅಂದೆ. ಅವರು ಒಂದು ಗೋಣಿಚೀಲ ತರಿಸಿ ನನ್ನ ಕಾಲ ಬಳಿ ಇಟ್ಟರು. "ಅದನ್ನ ಇದರಾಗ ಹಾಕಿ ಬಾಯಿ ಕಟ್ಟಿ ಕೊಡ್ರಿ. ಮುಂದಿಂದು ನಾವು ನೋಡ್ಕೋತೀವಿ." ಬದುವಿನ ಮೇಲೆ ಆಗಲೇ ಒಬ್ಬ ತೊಗರಿಕಟ್ಟಿಗೆ ಒಟ್ಟುತ್ತಿದ್ದ.

ನಾನು ಚೀಲ ಎತ್ತಿಕೊಂಡೆ, ಸುಗರಾ. ಯಾರೂ ನನ್ನನ್ನು ದೂಡಲಿಲ್ಲ. ನಿನ್ನ ಆರೈಕೆಗೆಂದು ನಾನು ಜೋಪಡಿಗೆ ಬರಲಿಲ್ಲ. ದಿಪೋಟಿಯನ್ನು ಕೊಲ್ಲಲು ಕೊಡುವುದಕ್ಕಾಗಿ ಬಂದೆ.

ಒಳಗೆ ನೀನು ಕಂಬಳಿಯಡಿ ಗಡಗಡ ನಡುಗುತ್ತಿದ್ದೆ. ಅವನು ನಿನ್ನ ಕಾಲ ಬಳಿ ಕುಳಿತಿದ್ದ. ನನ್ನನ್ನು ಕಂಡು ಎದ್ದು ಬಂದು ಕಾಲಿಗೆ ಮೈ ತೀಡಿದ. ಹಿಡಿಯುವ ಕಷ್ಟವನ್ನೂ ನನಗೆ ಕೊಡಲಿಲ್ಲ. ನಾನು ಚೀಲ ನೆಲಕ್ಕೆ ಇಟ್ಟದ್ದೇ ತಡ, ಮೂಸಿ ನೋಡಿ, ತಾನಾಗಿಯೇ ಒಳಗೆ ಹೋಗಿ, ಒಂದು ಸುತ್ತು ತಿರುಗಿ ಆರಾಮಾಗಿ ಕುಳಿತ. ಇವರದೇನೋ ಹೊಸ ಆಟ ಎಂದುಕೊಂಡಿರಬೇಕು. ನಾನು ಚೀಲದ ಬಾಯಿ ಹಿಂಡಿದೆ. ಹಗ್ಗ ಸುತ್ತಿದೆ. ಗಂಟು ಹಾಕಿದೆ. ಎರಡು ಗಂಟು.

ಆಗ ನೀನು ಕಣ್ಣು ತೆರೆದೆ. "ಅಕ್ಕೋರ, ಬಂದ್ರೇನ್ರಿ? ನೀವು ಬಂದೀರಂದ್ರ ನಾ ಉಳಿತೇನಿ ಬಿಡ್ರಿ" ಅಂದೆ. ಅಷ್ಟು ಹೇಳಿ ಮತ್ತೆ ಕಣ್ಣು ಮುಚ್ಚಿದೆ.

ಅದೊಂದು ಮಾತು ನನ್ನನ್ನು ಅಲ್ಲಿಯೇ ಕೂಡಿಸಿತು. ಚೀಲ ಬದಿಗಿಟ್ಟೆ. ಪ್ಲೇಗು ಬಡಿದವರನ್ನು ಬಾಗಲಕೋಟೆಯಲ್ಲಿ ಹತ್ತಿರದಿಂದ ಕಂಡವಳು ನಾನು. ಅಂಥವರಿಗೆ ಎಲ್ಲಿ ಗಡ್ಡೆ ಏಳುತ್ತದೆಂದು ಗೊತ್ತು. ನಿನ್ನ ಕಂಕುಳು ನೋಡಿದೆ, ತೊಡೆಸಂದಿ ನೋಡಿದೆ, ಕುತ್ತಿಗೆ ಮುಟ್ಟಿ ನೋಡಿದೆ. ನಂಬಿಕೆ ಬಾರದೆ ಎರಡನೆಯ ಸಲ ನೋಡಿದೆ. ಗಡ್ಡೆ ಇರಲಿಲ್ಲ. ಅಷ್ಟರಲ್ಲಿ ನಡುಕ ನಿಂತು, ಮೈ ಕೆಂಡವಾಗಿ, ಸ್ವಲ್ಪ ಹೊತ್ತಿಗೆ ಬೆವರು ಕಿತ್ತುಕೊಂಡು ಹರಿಯಿತು. ಇದು ಚಳಿಜ್ವರವೇ ಇರಬೇಕು ಅನ್ನಿಸಿತು. ಖಾತ್ರಿ ಇರಲಿಲ್ಲ. ಗಡ್ಡೆ ಮರುದಿನ ಏಳಬಹುದಿತ್ತು.

ಹಾಕಿದ ಗಂಟು ಬಿಚ್ಚಲು ಬರಲಿಲ್ಲ ನನಗೆ. ಹಲ್ಲಿನಿಂದ ಕಚ್ಚಿ ಬಿಚ್ಚಿದೆ.

ಬಾಗಿಲಿಗೆ ಬಂದು ನಿಂತು ಬದುವಿನ ಕಡೆ ಕೂಗಿದೆ: "ಗಡ್ಡಿ ಇಲ್ಲ! ಮುರ್ತುಜಸಾಬರ, ಚೀಲ ನಾ ಕೊಡೂದಿಲ್ಲ. ನಾನೂ ಹೊರಗ ಬರೂದಿಲ್ಲ. ಗಡ್ಡಿ ಎದ್ದರ ಈ ಜೋಪಡಿಗೇ ಬೆಂಕಿ ಹಚ್ಚರಿ, ನಾ ಒಳಗ ಇರತೀನಿ." ನನ್ನ ದನಿ ಅಷ್ಟು ದೊಡ್ಡದಿದೆಯೆಂದು ನನಗೇ ಗೊತ್ತಿರಲಿಲ್ಲ. ಬದುವಿನ ಮೇಲಿನವನು ಕಟ್ಟಿಗೆ ಒಟ್ಟುವುದನ್ನು ನಿಲ್ಲಿಸಿದ. ಆಮೇಲೆ ನಿನ್ನ ಮಾವ, "ಔಷಧ ಏನ ಬೇಕ್ರಿ?" ಎಂದು ಕೇಳಿದರು. ಹುನಗುಂದದ ಟಪಾಲು ಕಚೇರಿಯಲ್ಲಿ ಚಳಿಜ್ವರದ ಕ್ವಿನಾಯಿನ್ ಪುಡಿ ಸಿಗುತ್ತದೆ ಎಂದೆ. ನಿನ್ನ ಗಂಡನೇ ಓಡಿದ.

ಮೂರು ದಿನ ನಿನ್ನ ಹಣೆಗೆ ಒದ್ದೆಬಟ್ಟೆ ಹಾಕುತ್ತ, ಗಳಿಗೆಗೊಮ್ಮೆ ಕಂಕುಳು ಮುಟ್ಟಿ ನೋಡುತ್ತ ಕಳೆದೆ. ಮಿರಜಿಗೆ ಹೋಗಬೇಕಾದ ದಿನ ಅದರಲ್ಲೇ ದಾಟಿಹೋಯಿತು. ಹತ್ತನೆಯ ದಿನ ನೀನು ಗಂಜಿ ಕೇಳಿದೆ. ನಿನ್ನ ಮಾವ ತಾವೇ ಬೇಲಿಯ ಮುಳ್ಳು ಸರಿಸಿದರು. ಮಗಳು ಓಡಿ ಬಂದು ನಿನ್ನ ಕೊರಳಿಗೆ ಬಿದ್ದಳು. ನಾನು ದೂರ ನಿಂತಿದ್ದೆ. ಮುರ್ತುಜಸಾಬರು ಹತ್ತಿರ ಬಂದು, ಬೆಕ್ಕನ್ನು ನೋಡುತ್ತ, ಯಾರಿಗೂ ಕೇಳಿಸದ ಹಾಗೆ, "ಇದಕ್ಕ ಒಣಮೀನ ನಡಿತಾವೇನ್ರಿ?" ಅಂದರು. ಚೀಲದ ಮಾತನ್ನು ಅವರು ನಿನಗೆ ಹೇಳಿಲ್ಲವೆಂದು ಕಾಣುತ್ತದೆ. ದೊಡ್ಡ ಮನುಷ್ಯ.

ಇದಿಷ್ಟು ನಡೆದದ್ದು. ಏಳು ವರ್ಷ ಸಾಕಿದವಳು ಅವನನ್ನು ಚೀಲದಲ್ಲಿ ಕಟ್ಟಿದಳು, ನಾಲ್ಕು ದಿನ ಕಂಡವಳು ಅವನಿಗಾಗಿ ಜೋಪಡಿ ಸೇರಿದಳು. ಆದರೂ ನನಗೆ ಒಂದು ಮಾತು ಅನ್ನಿಸುತ್ತದೆ, ತಪ್ಪಿದ್ದರೆ ಕ್ಷಮಿಸು. ಆ ದಿನ ಗಡ್ಡೆ ಇದ್ದಿದ್ದರೆ ಆ ಚೀಲವನ್ನು ನಾನು ಕೊಟ್ಟೇ ಕೊಡುತ್ತಿದ್ದೆ. ನಿನಗಿಂತ ಅವನು ನನಗೆ ಹೆಚ್ಚಾಗಲಿಲ್ಲ. ಇದು ಸಮಾಧಾನವೋ ನಾಚಿಕೆಯೋ ತಿಳಿಯದೆ ಒಂದು ವಾರದಿಂದ ಒದ್ದಾಡುತ್ತಿದ್ದೇನೆ.

ನೀನು ನನ್ನನ್ನು ಕ್ಷಮಿಸುವುದಾದರೂ ಬಿಡುವುದಾದರೂ ಅವನ ವಿಷಯ ತಿಳಿದಿರಲಿ. ಯಾರಾದರೂ ನೋಡುತ್ತಿದ್ದರೆ ಅವನು ಉಣ್ಣುವುದಿಲ್ಲ, ರೊಟ್ಟಿ ಹಾಲಲ್ಲಿ ನೆನೆಸಿಟ್ಟು ಬೆನ್ನು ತಿರುಗಿಸು. ಮಳೆಗಾಲದಲ್ಲಿ ಹರಿದ ಕಿವಿ ಸೋರುತ್ತದೆ, ಬೇವಿನ ಎಣ್ಣೆ ಬೆಚ್ಚಗೆ ಮಾಡಿ ಹಚ್ಚು. ಗುಡುಗಿಗೆ ಹೆದರುತ್ತಾನೆ, ಹೆದರಿದ್ದು ತೋರಗೊಡುವುದಿಲ್ಲ. ನಿನಗೆ ಬಾಣಂತನವೋ ಕಾಯಿಲೆಯೋ ಬಂದರೆ ಅವನನ್ನು ಯಾರು ನೋಡಿಕೊಳ್ಳಬೇಕೆಂದು ಈಗಲೇ ಗೊತ್ತುಮಾಡಿಡು. ನನ್ನನ್ನು ಕೇಳಿದರೆ ನಿನ್ನ ಮಾವನ ಹೆಸರನ್ನೇ ಹೇಳುತ್ತೇನೆ. ಯಾರನ್ನು ಗೊತ್ತುಮಾಡಿದರೂ ಬಾಯಿಬಿಟ್ಟು ಕೇಳು, ಅವರು ಬಾಯಿಬಿಟ್ಟು ಹೂಂ ಅನ್ನಲಿ. ಸುಮ್ಮನಿದ್ದವರನ್ನು ಒಪ್ಪಿದರೆಂದು ತಿಳಿಯುವ ತಪ್ಪು ನನ್ನೊಬ್ಬಳಿಗೇ ಸಾಕು.

ನಿನ್ನನ್ನೂ ನಾನು ಇನ್ನೂ ಕೇಳಿಲ್ಲ. ಈಗ ಕೇಳುತ್ತೇನೆ: ಅವನನ್ನು ಇಟ್ಟುಕೊಳ್ಳುತ್ತೀಯಾ? ಇಲ್ಲವೆನ್ನುವ ಹಕ್ಕು ನಿನಗಿದೆ. ಹಾಗಿದ್ದರೆ ಈ ಕಾಗದ ತಂದ ಬಂಡಿಯವನ ಕೈಯಲ್ಲೇ ಹೇಳಿಕಳಿಸು, ಬೇರೆ ದಾರಿ ಆಗುವವರೆಗೆ ನಾಡಿದ್ದಿನ ಗಾಡಿಯನ್ನು ಬಿಟ್ಟುಬಿಡುತ್ತೇನೆ. ಹೂಂ ಎನ್ನುವುದಾದರೆ ಅವನು ನಿನ್ನವನು. ನಾನು ಬದುಕಿ ಬಂದರೂ ಮರಳಿ ಕೇಳುವುದಿಲ್ಲ. ಒಂದು ದಿನ ಬಂದು, ನೀನು ನೇಯುವಾಗ ಅವನು ನಿನ್ನ ಪಕ್ಕ ಮಲಗಿರುವುದನ್ನು ನೋಡಿ, ಎಬ್ಬಿಸದೆ ಹೋಗುತ್ತೇನೆ.

ನಾನು ಬೇಡಿಕೊಳ್ಳುವ ದೇವರೂ ನೀನು ಬೇಡಿಕೊಳ್ಳುವ ದೇವರೂ ನಿನಗೆ ದೀರ್ಘಾಯುಷ್ಯ ಕೊಡಲಿ, ಮಗಳೇ. ನಿನಗೂ ಮುಪ್ಪು ಬಂದು, ಪ್ರೀತಿಯ ಜೀವವೊಂದನ್ನು ಯಾರಿಗೆ ಒಪ್ಪಿಸಲಿ ಎಂದು ನೀನು ದಾರಿ ನೋಡುವ ದಿನ, ನಿನ್ನಂಥವಳೊಬ್ಬಳು ಎದುರಿಗೆ ಬರಲಿ.

ನಿನ್ನ ಉತ್ತರದ ದಾರಿ ಕಾಯುವ,
ಇಂದ್ರಾಬಾಯಿ